ಹಾಳಿಯಲ್ಲಿ ದೇವರ ಸೇವೆ

 

ಹವ್ಯಾಸ ಎಂದರೆ ಬಿಡುವಿನ ಹೊತ್ತಿನಲ್ಲಿ ಯಾರೂ ಹೇಳದಿದ್ದರೂ ನಾವೇ ಖುಷಿಯಿಂದ ಮಾಡುವ ಕೆಲಸ. ಕೆಲವರು ಅಂಚೆಚೀಟಿ ಕೂಡಿಸುತ್ತಾರೆ. ಕೆಲವರು ಹಾಡುತ್ತಾರೆ. ನನ್ನ ಹವ್ಯಾಸ ಹಾಳಿ ಮಡಚಿ ಕತ್ತರಿಸುವುದು. ಇದಕ್ಕೆ ಹೆಚ್ಚು ಖರ್ಚಿಲ್ಲ. ಒಂದು ಕತ್ತರಿ, ಒಂದಿಷ್ಟು ಬಣ್ಣದ ಹಾಳಿ, ಮನೆಯಲ್ಲೇ ಕಾಸಿದ ಅಂಟು ಇದ್ದರೆ ಸಾಕು. ಇದರಿಂದ ಹೊತ್ತೂ ಹೋಗುತ್ತದೆ, ದೇವರ ಸೇವೆಯೂ ಆಗುತ್ತದೆ. ಅದು ಹೇಗೆ ಎಂದು ಈ ಲೇಖನದಲ್ಲಿ ಬರೆದಿದ್ದೇನೆ.

ನಮ್ಮ ಹಬ್ಬಗಳಲ್ಲಿ ಹಾಳಿ

ನಮ್ಮ ಹುನಗುಂದ, ಇಳಕಲ್ಲ ಕಡೆ ಹಾಳಿ ಇಲ್ಲದೆ ಹಬ್ಬ ಆಗೂದಿಲ್ಲ. ಗಣಪತಿ ಕೂಡಿಸುವಾಗ ಮಂಟಪಕ್ಕೆ ಪರಪರಿ ಹಚ್ಚುತ್ತೇವೆ. ದೀಪಾವಳಿಗೆ ಬಾಗಿಲ ಮುಂದೆ ಆಕಾಶಬುಟ್ಟಿ ಕಟ್ಟುತ್ತೇವೆ. ಬಿದಿರ ದಬ್ಬಿಯ ಚೌಕಟ್ಟಿಗೆ ತೆಳುವಾದ ಹಾಳಿ ಅಂಟಿಸಿ ಒಳಗೆ ದೀಪ ಇಟ್ಟರೆ ಅದೇ ಆಕಾಶಬುಟ್ಟಿ. ಮೊಹರಮ್ಮಿಗೆ, ಅಂದರೆ ನಾವು ಅಲಾಯಿ ಹಬ್ಬ ಅನ್ನುವ ಹಬ್ಬಕ್ಕೆ, ಹಾಳಿಯ ಡೋಲಿ ಕಟ್ಟುತ್ತಾರೆ. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಹುತಾತ್ಮರಾದ ಇಮಾಮ್ ಹುಸೇನರ ಗೋರಿಯ ನೆನಪಿಗಾಗಿ ಈ ಡೋಲಿ. ನಮ್ಮ ಕಡೆ ಈ ಹಬ್ಬ ಬರೀ ಮುಸಲ್ಮಾನರದ್ದಲ್ಲ. ನಮ್ಮ ಮನೆಯವರೂ ಹೋಗಿ ಸಕ್ಕರಿ ಓದಿಸಿಕೊಂಡು ಬರುತ್ತಾರೆ. ನಮ್ಮ ಮನೆದೇವರು ಬಾದಾಮಿ ಬನಶಂಕರಿ. ಆದರೂ ಅವ್ವ ಡೋಲಿಗೆ ಕೈಮುಗಿಯದೆ ಮುಂದೆ ಹೋಗುವುದಿಲ್ಲ.

ದೂರದ ಊರಲ್ಲಿಯೂ ಇಂಥ ಸೇವೆ ಇದೆ. ಉತ್ತರ ಪ್ರದೇಶದ ಮಥುರಾ, ವೃಂದಾವನದಲ್ಲಿ ಸಾಂಝಿ ಎಂಬ ಕಲೆ ಇದೆ. ಹಾಳಿಯಲ್ಲಿ ಕೃಷ್ಣನ ಕತೆಗಳನ್ನು ಕತ್ತರಿಸುತ್ತಾರೆ. ಅದನ್ನು ನೆಲದ ಮೇಲಿಟ್ಟು ಮೇಲೆ ಬಣ್ಣದ ಪುಡಿ ಉದುರಿಸಿ ರಂಗೋಲಿ ಮಾಡುತ್ತಾರೆ. ಪೂಜೆ ಮುಗಿದ ಮೇಲೆ ಅದನ್ನು ಅಳಿಸಿಬಿಡುತ್ತಾರೆ.

ಬಾದಾಮಿಯ ಹದಿನಾರು ಮೀನು

ಹೋದ ವರ್ಷ ಶಾಲೆಯಿಂದ ಬಾದಾಮಿಗೆ ಪ್ರವಾಸ ಹೋಗಿದ್ದೆವು. ಎಲ್ಲರೂ ಮೊದಲನೇ ಗುಹೆಯ ಹದಿನೆಂಟು ಕೈಯ ನಟರಾಜನನ್ನು ನೋಡಿದಿರಿ. ಎರಡನೇ ಗುಹೆಯಲ್ಲಿ ತಲೆ ಎತ್ತಿ ಛತ್ತು ನೋಡಿದವರು ಎಷ್ಟು ಮಂದಿ? ಅಲ್ಲಿ ಚೌಕದೊಳಗೆ ಒಂದು ಚಕ್ರ ಐತಿ. ಆ ಚಕ್ರಕ್ಕೆ ಕಡ್ಡಿಗಳ ಬದಲು ಮೀನುಗಳು ಇವೆ. ಎಣಿಸಿದರೆ ಸರಿಯಾಗಿ 16. ಪಕ್ಕದ ಮೂರನೇ ಗುಹೆಯನ್ನು ಚಾಲುಕ್ಯರ ಮಂಗಳೇಶನು ಕ್ರಿ.ಶ. 578ರಲ್ಲಿ ಮಾಡಿಸಿದನೆಂದು ಅಲ್ಲಿಯ ಶಾಸನದಿಂದ ತಿಳಿಯುತ್ತದೆ. ಅಂದರೆ ಸುಮಾರು 1400 ವರ್ಷಗಳ ಹಿಂದಿನ ಕೆಲಸ. ಆ ಮೀನಿನ ಚಕ್ರವನ್ನು ನಾವು ಹಾಳಿಯಲ್ಲಿ ಹತ್ತು ನಿಮಿಷದಲ್ಲಿ ಮಾಡಬಹುದು.

ಬೇಕಾಗುವ ಸಾಮಾನು: ಎರಡು ಗೇಣಿನ ಚೌಕಾದ ತೆಳು ಹಾಳಿ (ಗಾಳಿಪಟದ ಹಾಳಿ ಒಳ್ಳೇದು, ದಪ್ಪ ಹಾಳಿ ಕತ್ತರಿಗೆ ಬಗ್ಗೂದಿಲ್ಲ), ಕತ್ತರಿ, ಪೆನ್ಸಿಲು.

ಮಾಡುವ ಪದ್ಧತಿ:

1. ಹಾಳಿಯನ್ನು ಅರ್ಧಕ್ಕೆ ಮಡಚಿರಿ. ಎರಡು ಪದರು ಆಯಿತು. ಅದನ್ನು ಮತ್ತೆ ಅಡ್ಡ ಮಡಚಿರಿ. ನಾಲ್ಕು ಪದರಿನ ಸಣ್ಣ ಚೌಕ ಬರುತ್ತದೆ. ಎರಡೂ ಮಡಿಕೆ ಕೂಡಿದ ಮೂಲೆಯೇ ಹಾಳಿಯ ನಡು. ಆ ಮೂಲೆಗೆ ಪೆನ್ಸಿಲಿನಿಂದ ಒಂದು ಚುಕ್ಕಿ ಇಡಿರಿ.

2. ಚುಕ್ಕಿಯ ಮೂಲೆಯಿಂದ ಎದುರಿನ ಮೂಲೆಗೆ ಕರ್ಣದ ಮೇಲೆ ಮಡಚಿರಿ. ಎಂಟು ಪದರಿನ ತ್ರಿಕೋನ ಆಗುತ್ತದೆ. ಚುಕ್ಕಿಯ ಮೂಲೆ ಚೂಪಾಗುವ ಹಾಗೆ ಇನ್ನೊಂದು ಸಲ ಮಡಚಿರಿ. ಈಗ 16 ಪದರು.

3. ಚುಕ್ಕಿಯ ಎದುರಿನ ಕಡೆಯನ್ನು ದುಂಡಗೆ ಕತ್ತರಿಸಿರಿ. ಬಿಚ್ಚಿದರೆ ಇದೇ ಚಕ್ರದ ಅಂಚು.

4. ಒಂದು ಮಡಿಕೆಯ ಅಂಚಿಗೆ ಅರ್ಧ ಮೀನು ಬರೆಯಿರಿ. ತಲೆ ಹೊರಗೆ, ಬಾಲ ಚುಕ್ಕಿಯ ಕಡೆ ಇರಲಿ. ಇನ್ನೊಂದು ಅಂಚಿಗೂ ಹಾಗೇ ಅರ್ಧ ಮೀನು ಬರೆಯಿರಿ. ಎರಡು ಮೀನಿನ ನಡುವೆ ಒಂದು ಬೆರಳಿನಷ್ಟಾದರೂ ಹಾಳಿ ಬಿಡಬೇಕು. ಮೀನು ಮೀನಿಗೆ ತಾಗಿದರೆ ಚಕ್ರ ಕಳಚಿ ಬೀಳುತ್ತದೆ.

5. ಬರೆದ ಗೆರೆಯ ಮೇಲೆ ಕತ್ತರಿಸಿ, ಹಗೂರಕ ಬಿಚ್ಚಿರಿ.

ಒಂದು ಅಂಚಿನಿಂದ 8 ಮೀನು, ಇನ್ನೊಂದರಿಂದ 8 ಮೀನು, ಒಟ್ಟು 16 ಮೀನು! ಇದನ್ನು ಬೇರೆ ಬಣ್ಣದ ತೆಳು ಹಾಳಿಯ ಮೇಲೆ ಅಂಟಿಸಿ ಆಕಾಶಬುಟ್ಟಿಗೆ ಹಚ್ಚಿದರೆ, ದೀಪ ಇಟ್ಟಾಗ ಮೀನುಗಳಷ್ಟೇ ಹೊಳೆಯುತ್ತವೆ.

ಇದರಲ್ಲಿ ಗಣಿತವೂ ಇದೆ. ನಾಲ್ಕು ಸಲ ಮಡಚಿದೆವು. 2ರ ಘಾತ 4 ಎಂದರೆ 16. ಪೂರ್ತಿ ಸುತ್ತು 360 ಡಿಗ್ರಿ, ಅದನ್ನು 16ರಿಂದ ಭಾಗಿಸಿದರೆ ಇಪ್ಪತ್ತೆರಡೂವರೆ ಡಿಗ್ರಿ. ನಮ್ಮ ಕೈಯಲ್ಲಿರುವ ಚೂಪು ಮೂಲೆಯ ಕೋನ ಅಷ್ಟೇ. ಕೋನಮಾಪಕ ಇಲ್ಲದೇನೇ ಕೋನ ಸಿಕ್ಕಿತು. ಮದ್ರಾಸಿನಲ್ಲಿ ಟಿ. ಸುಂದರ ರಾವ್ ಎಂಬುವರು 1893ರಲ್ಲಿಯೇ, ಹಾಳಿ ಮಡಚಿ ರೇಖಾಗಣಿತ ಕಲಿಯುವ ಪುಸ್ತಕ ಬರೆದು ಅಚ್ಚು ಹಾಕಿಸಿದರು. ಜರ್ಮನಿಯ ದೊಡ್ಡ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಅದನ್ನು ಹೊಗಳಿ ಬರೆದ ಮೇಲೆ ಅದು ಹೊರದೇಶಗಳಲ್ಲಿಯೂ ಹೆಸರಾಯಿತು. ಹಾಳಿ ಮಡಚುವುದು ಸಣ್ಣ ಹುಡುಗರ ಆಟ ಎನ್ನುವವರಿಗೆ ಈ ಮಾತು ಹೇಳಿರಿ.

ಸೀರೆಯ ಸೆರಗಿನಿಂದ ಪರಪರಿ

ನಮ್ಮ ಮನೆಯಲ್ಲಿ ಮಗ್ಗ ಇದೆ. ಅವ್ವ ಇಳಕಲ್ಲ ಸೀರೆ ನೇಯುತ್ತಾಳೆ. ಸೆರಗಿನಲ್ಲಿ ತೋಪು ತೆನಿ ಎಂದು ಕೆಂಪು ಬಿಳುಪಿನ ಚೂಪು ಚೂಪಾದ ಸಾಲು ಬರುತ್ತದೆ. ಅದನ್ನು ನೋಡಿ ನಾನು ಪರಪರಿ ಕತ್ತರಿಸುತ್ತೇನೆ. ಉದ್ದನೆಯ ಹಾಳಿಯನ್ನು ಬೀಸಣಿಕೆಯ ಹಾಗೆ ಹಿಂದೆ ಮುಂದೆ ಮಡಚಿ ಕೆಳಗಿನ ತುದಿಯನ್ನು ತೆನಿಯಂತೆ ಕತ್ತರಿಸಿದರೆ ಒಂದೇ ಸಲಕ್ಕೆ ಇಪ್ಪತ್ತು ತೆನಿ. ಮೇಲಿನ ಅಂಚನ್ನು ಸುತಳಿಯ ಮೇಲೆ ಮಡಚಿ ಅಂಟಿಸಬೇಕು. ಕಸೂತಿಯ ಗೋಪುರ, ತೇರು, ಕಮಲ ಇವೆಲ್ಲ ಎಳೆ ಎಣಿಸಿ ಹಾಕುವ ಚಿತ್ರಗಳು. ಗಣಿತದ ಚೌಕಳಿ ವಹಿಯ ಹಾಳಿಯಲ್ಲಿ ಮನೆ ಎಣಿಸಿದರೆ ಅವೂ ಬರುತ್ತವೆ.

ಡೋಲಿ ಮುತ್ಯಾ

ನಮ್ಮೂರಿನಲ್ಲಿ ಡೋಲಿ ಕಟ್ಟುವವರು ಒಬ್ಬರೇ. ನಾವು ಹುಡುಗರು ಅವರಿಗೆ ಡೋಲಿ ಮುತ್ಯಾ ಅಂತೀವಿ. ಬಿದಿರು ಸೀಳಿ ದಬ್ಬಿ ಮಾಡಿ, ಸುತಳಿಯಿಂದ ಬಿಗಿದು, ಮೂರು ಅಂತಸ್ತಿನ ಚೌಕಟ್ಟು ಕಟ್ಟುತ್ತಾರೆ. ಅದಕ್ಕೆ ಮೊದಲು ಬಿಳಿ ಹಾಳಿ, ಆಮೇಲೆ ಬಣ್ಣದ ಹಾಳಿ, ಕೊನೆಗೆ ಬೇಗಡಿ. ಅಂಟಿಗೆ ಮೈದಾ ಹಿಟ್ಟನ್ನು ಬೇವಿನ ಎಲೆ ಕುದಿಸಿದ ನೀರಿನಲ್ಲಿ ಕಾಸುತ್ತಾರೆ. ಬೇವು ಹಾಕಿದರೆ ಹುಳ ಹತ್ತೂದಿಲ್ಲ ಎನ್ನುತ್ತಾರೆ. ಹಬ್ಬದ ಕೊನೆಯ ದಿನ ಹಾಳಿಯನ್ನೆಲ್ಲ ಬಿಚ್ಚಿ ಹಳ್ಳದ ನೀರಿಗೆ ಬಿಡುತ್ತಾರೆ. ದಬ್ಬಿಯನ್ನು ಅಟ್ಟದ ಮೇಲೆ ಇಡುತ್ತಾರೆ.

ನಾನು ಒಂದು ಸಲ ಕೇಳಿದೆ, "ಮುತ್ಯಾ, ತಿಂಗಳಗಟ್ಟಲೆ ಕುಂತು ಇಷ್ಟು ಚಂದ ಮಾಡಿದ್ದನ್ನ ನೀರಿಗೆ ಬಿಡಾಕ ನಿಮಗ ಕೆಟ್ಟ ಅನಸೂದಿಲ್ಲೇನ್ರಿ?"

ಮುತ್ಯಾ ನಕ್ಕು, "ಯಾಕ ಕೆಟ್ಟ ಅನಸಬೇಕು ತಂಗಿ? ಇದು ಹಂಗ ಉಳದ್ರ ಮುಂದಿನ ವರ್ಷ ನನಗ ಕೆಲಸ ಎಲ್ಲೈತಿ?" ಎಂದರು.

ಈ ಮಾತನ್ನು ನಾನು ಬಹಳ ದಿನ ವಿಚಾರ ಮಾಡಿದೆ. ಬಾದಾಮಿಯ ಮೀನು ಕಲ್ಲಿನವು. ಕೆತ್ತಿದವರು ಹೋದರೂ ಅವು ತಾವೇ ಉಳಿದಿವೆ. ಹಾಳಿಯ ಮೀನು ಒಂದು ಮಳಿಗೆ ಹೋಗುತ್ತದೆ. ಆದರೆ ಹೋಗುವುದರಿಂದಲೇ ಪ್ರತಿ ವರ್ಷ ಮತ್ತೆ ಮಾಡಬೇಕು. ಮತ್ತೆ ಮಾಡಬೇಕಾದಾಗ ಪಕ್ಕದಲ್ಲಿ ಕುಳಿತ ಹುಡುಗರು ಕಲಿಯುತ್ತಾರೆ. ನಮ್ಮ ತಾಲೂಕಿನ ಕೂಡಲಸಂಗಮದ ಬಸವಣ್ಣನವರ ಪಾಠ ಮಾಡುವಾಗ ಗುರುಗಳು, ಸ್ಥಾವರ ಎಂದರೆ ನಿಂತದ್ದು, ಜಂಗಮ ಎಂದರೆ ನಡೆಯುವುದು ಎಂದು ಹೇಳಿದ್ದರು. ಹಾಳಿಯ ವಿದ್ಯೆ ಕೈಯಿಂದ ಕೈಗೆ ನಡೆಯುವಂಥದ್ದು. ನಡೆಯುವುದು ನಿಂತರೆ ಅದು ಮುಗಿಯಿತು.

ಪ್ಲಾಸ್ಟಿಕ್ ಪರಪರಿ ಯಾಕೆ ಬೇಡ?

ಈಗ ಸಂತೆಯಲ್ಲಿ ಮಿಂಚುವ ಪ್ಲಾಸ್ಟಿಕ್ ಪರಪರಿ ಸಿಗುತ್ತದೆ. ಒಂದು ಸಲ ತಂದರೆ ನಾಲ್ಕು ವರ್ಷ ಬರುತ್ತದೆ ಎಂದು ದೊಡ್ಡವರು ಹೇಳುತ್ತಾರೆ. ಆದರೆ ಕರ್ನಾಟಕ ಸರ್ಕಾರ 2016ರ ಮಾರ್ಚ್ ತಿಂಗಳಲ್ಲಿಯೇ ಪ್ಲಾಸ್ಟಿಕ್ ಪರಪರಿ, ಪ್ಲಾಸ್ಟಿಕ್ ಬಾವುಟ ಮತ್ತು ಥರ್ಮಾಕೋಲನ್ನು ನಿಷೇಧ ಮಾಡಿದೆ. ಅಲಂಕಾರದ ಥರ್ಮಾಕೋಲು 2022ರ ಜುಲೈ 1ರಿಂದ ಇಡೀ ದೇಶದಲ್ಲಿ ನಿಷೇಧ ಆಗಿದೆ. ಹಾಳಿ ಮಣ್ಣಿಗೆ ಬಿದ್ದರೆ ಮಣ್ಣಾಗುತ್ತದೆ. ಪ್ಲಾಸ್ಟಿಕ್ ಹಳ್ಳದಲ್ಲಿ ಉಳಿಯುತ್ತದೆ, ದನದ ಹೊಟ್ಟೆ ಸೇರುತ್ತದೆ. ಬೇಗಡಿಯಲ್ಲಿಯೂ ಈಗ ಪ್ಲಾಸ್ಟಿಕ್ ಬರುತ್ತದೆ. ಹರಿದು ನೋಡಿರಿ. ಹಾಳಿಯಂತೆ ಹರಿಯದೆ ಜಗ್ಗಿದರೆ ಅದನ್ನು ನೀರಿಗೆ ಬಿಡಬಾರದು.

ನನಗೆ ಇದಕ್ಕಿಂತ ದೊಡ್ಡ ಚಿಂತೆ ಬೇರೆ ಇದೆ. ನಾಲ್ಕು ವರ್ಷ ಬಾಳುವ ಪರಪರಿ ತಂದರೆ ನಾಲ್ಕು ವರ್ಷ ಯಾರೂ ಕತ್ತರಿ ಹಿಡಿಯೂದಿಲ್ಲ. ಈಗ ಐದನೆಯ ತರಗತಿಯಲ್ಲಿ ಇರುವವರು ಕಲಿಯದೇ ಶಾಲೆ ಬಿಟ್ಟುಹೋಗುತ್ತಾರೆ. ಡೋಲಿ ಮುತ್ಯಾನ ಕಣ್ಣು ಮಂಜಾಗಿವೆ. ಹೋದ ಹಬ್ಬಕ್ಕೆ ಅವರು ದಬ್ಬಿ ಕಟ್ಟಿದರು, ಸೂಕ್ಷ್ಮ ಕತ್ತರಿ ಕೆಲಸವನ್ನು ನಾವು ನಾಲ್ಕು ಮಂದಿ ಹುಡುಗಿಯರು ಮಾಡಿದೆವು. ಮುಂದಿನ ಸಲ ಪ್ಯಾಟಿಯಿಂದ ತಯಾರ ಡೋಲಿ ತರೋಣ ಎಂದು ಊರಲ್ಲಿ ಮಾತು ನಡೆದಿದೆ. ನಾಲ್ಕು ಮಂದಿಯಿಂದ ಡೋಲಿ ಆಗೂದಿಲ್ಲ. ಹದಿನಾರು ಮಂದಿ ಆದರೆ ಆಗುತ್ತದೆ.

ಆದ್ದರಿಂದ ಗೆಳೆಯ ಗೆಳತಿಯರೇ, ಶನಿವಾರ ಶಾಲೆ ಬಿಟ್ಟ ಮೇಲೆ ಮುತ್ಯಾನ ಕಟ್ಟೆಗೆ ಬರ್ರಿ. ಹುಡುಗರೂ ಬರಬಹುದು. ಯಾವ ಜಾತಿ, ಯಾವ ದೇವರು ಎಂದು ಮುತ್ಯಾ ಕೇಳೂದಿಲ್ಲ, ಕೈ ತೊಳಕೊಂಡು ಬಂದೀ ಏನು ಎಂದಷ್ಟೇ ಕೇಳುತ್ತಾರೆ. ಗುರುಗಳಲ್ಲಿ ನನ್ನ ಒಂದು ವಿನಂತಿ. ಆಫೀಸಿನ ಹಳೆಯ ಕ್ಯಾಲೆಂಡರು ಮತ್ತು ಒಂದೇ ಮಗ್ಗಲು ಬರೆದ ಹಾಳಿಗಳನ್ನು ನಮಗೆ ಕೊಟ್ಟರೆ, ಕಲಿಯುವವರು ಮೊದಲು ಅದರ ಮೇಲೆ ಕೈ ಪಳಗಿಸಬಹುದು. ಈ ವರ್ಷ ಶಾಲೆಯ ಗಣಪತಿಯ ಮಂಟಪಕ್ಕೆ ನಮ್ಮ ಕೈಯ ಪರಪರಿಯನ್ನೇ ಹಚ್ಚೋಣ.

ಇದನ್ನು ಓದಿದವರು ಮನೆಗೆ ಹೋಗಿ ಒಂದು ಮೀನಿನ ಚಕ್ರ ಕತ್ತರಿಸಿ ತನ್ನಿರಿ. ಈ ಗೋಡೆ ಪತ್ರಿಕೆಯ ಅಂಚಿಗೆ ಜಾಗ ಬಿಟ್ಟಿದ್ದೇವೆ, ಅಲ್ಲೇ ಅಂಟಿಸೋಣ.

— 7ನೇ ತರಗತಿ ವಿದ್ಯಾರ್ಥಿನಿ