ಸರಕು ವಾಹನದ ಗೇರ್ ಆಯಿಲ್: ಕೆಲಸವೂ ಲೆಕ್ಕವೂ

ಸ್ವಂತ ಲಾರಿ ಹೊಂದಿರುವ ವ್ಯಾಪಾರಿಗಳು ಎಂಜಿನ್ ಆಯಿಲ್ ಬಗ್ಗೆ ವಹಿಸುವ ಕಾಳಜಿಯನ್ನು ಗೇರ್‌ಬಾಕ್ಸ್ ಹಾಗೂ ಡಿಫರೆನ್ಷಿಯಲ್ ಆಯಿಲ್ ಬಗ್ಗೆ ವಹಿಸುವುದು ವಿರಳ. ಇವನ್ನು ತಮ್ಮ ಆವರಣದಲ್ಲಿಯೇ ಬದಲಾಯಿಸಿಕೊಳ್ಳಬಹುದು. ಆದರೆ ಕ್ರಮ ತಪ್ಪಿದರೆ ಉಳಿತಾಯಕ್ಕಿಂತ ನಷ್ಟವೇ ಅಧಿಕ.

ಮೊದಲನೆಯದು ಆಯ್ಕೆ. ಡಿಫರೆನ್ಷಿಯಲ್‌ನ ಹೈಪಾಯ್ಡ್ ಗೇರುಗಳಿಗೆ ಸಾಮಾನ್ಯವಾಗಿ ಜಿಎಲ್-5 ದರ್ಜೆಯ ಆಯಿಲ್ ಬೇಕು. ಸಿಂಕ್ರೋಮೆಷ್ ಗೇರ್‌ಬಾಕ್ಸ್‌ಗೆ ಅನೇಕ ತಯಾರಕರು ಜಿಎಲ್-4 ಸೂಚಿಸುತ್ತಾರೆ. ಜಿಎಲ್-5ರಲ್ಲಿ ಅಧಿಕವಾಗಿರುವ ಗಂಧಕ, ರಂಜಕಗಳ ಮಿಶ್ರಣವು ಹಿತ್ತಾಳೆಯ ಭಾಗಗಳಿಗೆ ಹಾನಿ ಮಾಡಬಹುದು. ಆದ್ದರಿಂದ ಒಂದೇ ಡಬ್ಬಿಯಿಂದ ಎರಡಕ್ಕೂ ಸುರಿಯದೆ ವಾಹನದ ಕೈಪಿಡಿಯನ್ನು ಅನುಸರಿಸತಕ್ಕದ್ದು.

ಎರಡನೆಯದು ಕ್ರಮ. ಸ್ವಲ್ಪ ದೂರ ಓಡಿಸಿ ಆಯಿಲ್ ಬೆಚ್ಚಗಾದ ಮೇಲೆ ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಚಕ್ರಗಳಿಗೆ ಮರದ ತುಂಡುಗಳನ್ನು ಒತ್ತಿಡಬೇಕು. ಆಯಿಲ್ ತುಂಬುವ ಮೇಲಿನ ಪ್ಲಗ್ಗನ್ನು ಮೊದಲು ಸಡಿಲಿಸಿ, ಅನಂತರವೇ ಡ್ರೈನ್ ಪ್ಲಗ್ ತೆಗೆಯಬೇಕು. ಮೇಲಿನದು ತುಕ್ಕು ಹಿಡಿದು ಬಾರದಿದ್ದಲ್ಲಿ, ಬರಿದಾದ ಲಾರಿ ನಿಂತಲ್ಲಿಯೇ ಉಳಿಯುತ್ತದೆ. ಪ್ಲಗ್ಗಿನ ಅಯಸ್ಕಾಂತಕ್ಕೆ ನುಣ್ಣನೆಯ ಲೋಹದ ಪುಡಿ ಅಂಟಿರುವುದು ಸಹಜ. ಚೂರುಗಳಿದ್ದರೆ ಮೆಕ್ಯಾನಿಕ್‌ಗೆ ತೋರಿಸಬೇಕು. ಹೊಸ ಆಯಿಲ್ ಸಾಮಾನ್ಯವಾಗಿ ತುಂಬುವ ರಂಧ್ರದ ಕೆಳ ಅಂಚಿನವರೆಗೆ ನಿಲ್ಲಬೇಕು.

ಮೂರನೆಯದು ಲೆಕ್ಕ. ವ್ಯವಹಾರದ ವಾಹನಕ್ಕೆ ಮಾಡುವ ಈ ಖರ್ಚು ಬಂಡವಾಳ ವೆಚ್ಚವಲ್ಲ, ರೆವಿನ್ಯೂ ವೆಚ್ಚ. ಕಾರುಗಳಿಗಿರುವ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ ನಿರ್ಬಂಧ ಸರಕು ವಾಹನಗಳಿಗಿಲ್ಲ. ಆದರೆ ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಆ ಕ್ರೆಡಿಟ್ ದೊರೆಯದು. ತಮ್ಮ ನೋಂದಣಿ ಸಂಖ್ಯೆಯುಳ್ಳ ಬಿಲ್ಲನ್ನು ಕೇಳಿ ಪಡೆಯಿರಿ. ದಿನಾಂಕ, ಕಿಲೋಮೀಟರ್, ಆಯಿಲ್ ದರ್ಜೆ, ಪ್ರಮಾಣಗಳನ್ನು ವಾಹನವಾರು ದಾಖಲಿಸಿರಿ. ಹಳೆಯ ಆಯಿಲನ್ನು ಚರಂಡಿಗೆ ಸುರಿಯಕೂಡದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಂತೆ ಅದನ್ನು ಅಧಿಕೃತ ಸಂಸ್ಕರಣಾ ಘಟಕಕ್ಕೆ ಸೇರುವಂತೆ ವಿಲೇವಾರಿ ಮಾಡತಕ್ಕದ್ದು. ಅದರಿಂದ ಹಣ ಬಂದರೆ, ಅದೂ ಪುಸ್ತಕದಲ್ಲಿ ಜಮೆಯಾಗಬೇಕು.