ಕಪ್ಪುಕುಳಿಯೇ, ಅದರ ಸೋಗೇ?

2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ವೀಕ್ಷಣಾಲಯದ ಎರಡೂ ಉಪಕರಣಗಳಿಗೆ ತಲುಪಿದ ಗುರುತ್ವ ಅಲೆ, ಅಂದರೆ ದೇಶಕಾಲದ ಹರವಿನಲ್ಲೇ ಎದ್ದ ಕಂಪನ, ಸೂರ್ಯನ ಸುಮಾರು 36 ಮತ್ತು 29 ಪಟ್ಟು ರಾಶಿಯ ಎರಡು ಕಾಯಗಳು ಒಂದಾದ ಸುದ್ದಿಯನ್ನು ತಂದಿತು. ಕಪ್ಪುಕುಳಿಗೆ ಘಟನಾ ದಿಗಂತ, ಎಂದರೆ ಒಳಹೊಕ್ಕ ಬೆಳಕೂ ಮರಳಲಾಗದ ಎಲ್ಲೆ, ಇದೆಯೆಂಬುದು ಆ ಅಲೆಯಿಂದಲೇ ಸಾಬೀತಾಯಿತೆಂಬ ನಂಬಿಕೆ ವ್ಯಾಪಕವಾಗಿದೆ. ಅದು ತಿದ್ದಲೇಬೇಕಾದ ತಪ್ಪು ತಿಳಿವಳಿಕೆ.

ಕೂಡಿ ಒಂದಾದ ಕಾಯವು ಬಾರಿಸಿದ ಗಂಟೆಯಂತೆ ಮಿಡಿದು, ಕೆಲವೇ ಮಿಲಿಸೆಕೆಂಡುಗಳಲ್ಲಿ ಸುಮ್ಮನಾಗುತ್ತದೆ. ಈ ಕ್ಷಯಿಸುವ ಮಿಡಿತವನ್ನು 1970ರಲ್ಲೇ ಲೆಕ್ಕ ಹಾಕಿ ತೋರಿಸಿದವರು, ಮುಂದೆ ಬೆಂಗಳೂರಿನ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರಾದ ಸಿ. ವಿ. ವಿಶ್ವೇಶ್ವರ. 2017ರಲ್ಲಿ ತೀರಿಕೊಳ್ಳುವ ಮುನ್ನ ಅವರು ಮೊದಲ ಗುರುತ್ವ ಅಲೆಯ ಪತ್ತೆಯನ್ನು ಕಂಡರೆಂಬುದು ನೆಮ್ಮದಿಯ ಸಂಗತಿ. ಆದರೆ ಆ ಮಿಡಿತ ಹುಟ್ಟುವುದು ದಿಗಂತದಲ್ಲಲ್ಲ, ಅದರ ಹೊರಗೆ ಬೆಳಕು ಸುತ್ತು ಹಾಕಬಲ್ಲ ವಲಯದಲ್ಲಿ. ಆದ್ದರಿಂದ ದಿಗಂತವೇ ಇಲ್ಲದಿದ್ದರೂ, ಆ ವಲಯದೊಳಗೆ ಅಡಗುವಷ್ಟು ಕಿರಿದಾದ ಯಾವುದೇ ಕಾಯವು ಮೊದಲಿಗೆ ಕಪ್ಪುಕುಳಿಯಂತೆಯೇ ಮಿಡಿಯುತ್ತದೆಂದು ವಿಟೋರ್ ಕಾರ್ಡೊಸೊ ಮತ್ತು ಸಂಗಡಿಗರು 2016ರಲ್ಲಿ ತೋರಿಸಿದರು. ಒಳಗೆ ನಿರ್ವಾತದ ಒತ್ತಡವೇ ಆಧಾರವಾಗಿರುವ ಗ್ರಾವಾಸ್ಟಾರ್ ಅಂತಹ ವಿಲಕ್ಷಣ ಸಾಂದ್ರ ಕಾಯಗಳಲ್ಲೊಂದು. ಇದುವರೆಗೆ ಅದು ಇರುವುದು ಸಮೀಕರಣಗಳಲ್ಲಿ ಮಾತ್ರ.

ವ್ಯತ್ಯಾಸ ತಿಳಿಯುವುದು ಆಮೇಲೆ. ದಿಗಂತವು ಒಳಬಂದ ಅಲೆಯನ್ನು ನುಂಗಿಬಿಟ್ಟರೆ, ಮೇಲ್ಮೈಯೊಂದು ಅದನ್ನು ಹಿಂದಕ್ಕೆ ಕಳಿಸುತ್ತದೆ. ಹೀಗೆ ಮೇಲ್ಮೈಗೂ ಬೆಳಕಿನ ವಲಯಕ್ಕೂ ನಡುವೆ ಹೊಯ್ದಾಡುವ ಅಲೆಯ ಒಂದೊಂದು ಪಾಲು ಸೋರಿ, ಕ್ಷೀಣ ಮಾರ್ದನಿಗಳ ಸಾಲಾಗಿ ಹೊರಬರಬೇಕು. ಇಲ್ಲೊಂದು ಪರಮ ಸೋಜಿಗವಿದೆ. ಮೇಲ್ಮೈ ದಿಗಂತವಿರಬೇಕಾದ ಜಾಗದಿಂದ ಪ್ಲಾಂಕ್ ಉದ್ದದಷ್ಟು ಮಾತ್ರ, ಅಂದರೆ ಮೀಟರಿನ ಲೆಕ್ಕದಲ್ಲಿ ದಶಮಾಂಶ ಬಿಂದುವಿನ ನಂತರ 34 ಸೊನ್ನೆಗಳಾದ ಮೇಲೆ ಅಂಕಿ ಕಾಣಿಸಿಕೊಳ್ಳುವಷ್ಟು ಮಾತ್ರ, ಹೊರಗಿದ್ದರೂ, ಅಲ್ಲಿ ಕಾಲವೇ ವಿಪರೀತ ನಿಧಾನವಾಗುವುದರಿಂದ, 2015ರ ಕಾಯದಂಥದ್ದರಲ್ಲಿ ಮಾರ್ದನಿಗಳ ನಡುವಿನ ಅಂತರ ಸೆಕೆಂಡಿನ ಹತ್ತರಲ್ಲಿ ಎರಡು ಮೂರು ಭಾಗದಷ್ಟಾಗುತ್ತದೆ. ಯಾವ ಸೂಕ್ಷ್ಮದರ್ಶಕಕ್ಕೂ ಎಟುಕದ ಅಳತೆಯೊಂದು ಹೀಗೆ ಗಡಿಯಾರದಿಂದ ಅಳೆಯಬಹುದಾದ ವಿಳಂಬವಾಗಿ ಮಾರ್ಪಡುತ್ತದೆ.

2016ರ ಕೊನೆಯಲ್ಲಿ ಕೆಲವು ಸಂಶೋಧಕರು ಅಂತಹ ಮಾರ್ದನಿಯ ಸುಳಿವು ಸಿಕ್ಕಿತೆಂದರು. ಆದರೆ ಅದೇ ದತ್ತಾಂಶವನ್ನು ಇತರರು ಜಾಲಾಡಿದಾಗ, ಅದು ಉಪಕರಣದ ಗದ್ದಲದಿಂದ ಬೇರ್ಪಡಿಸುವಷ್ಟು ಗಟ್ಟಿಯಾಗಿರಲಿಲ್ಲ. ಗದ್ದಲದಲ್ಲಿ ಬೇಕಾದ್ದನ್ನೇ ಕೇಳಿಸಿಕೊಳ್ಳುವುದು ಮನಸ್ಸಿನ ಹಳೆಯ ಚಾಳಿ, ಅದಕ್ಕೆ ಮದ್ದೆಂದರೆ ಇಂತಹ ನಿಷ್ಠುರ ಮರುಪರೀಕ್ಷೆಯೇ. ಲೈಗೊ ಮತ್ತು ಯುರೋಪಿನ ವರ್ಗೊ ವೀಕ್ಷಣಾಲಯಗಳ ತಂಡಗಳ ಮುಂದಿನ ಶೋಧಗಳಲ್ಲೂ ಮಾರ್ದನಿ ಸಿಕ್ಕಿಲ್ಲ. ಇದರಿಂದ ಕನ್ನಡಿಯಂತೆ ಅಲೆಯನ್ನು ಪ್ರತಿಫಲಿಸುವ ಮೇಲ್ಮೈಗಳ ಸಾಧ್ಯತೆ ಕುಗ್ಗಿದೆ. ಅಲೆಯ ಬಹುಪಾಲನ್ನು ಹೀರಿಕೊಳ್ಳುವ ಮೇಲ್ಮೈಗಳ ಸಾಧ್ಯತೆಯನ್ನು ತಳ್ಳಿಹಾಕಲು ಇನ್ನೂ ಸೂಕ್ಷ್ಮವಾದ ಉಪಕರಣಗಳು ಬೇಕು.