ದೆವ್ವದ ಕತೆಗಳಲ್ಲಿ ಮಕ್ಕಳು ಹುಡುಕುವುದೇನು?

2024ರ ಮಳೆಗಾಲವನ್ನು ನಮ್ಮ ಮನೆ ಮರೆಯುವಂತಿಲ್ಲ. ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ ವರ್ಷ ಅದು. ಒಂಬತ್ತನೆಯ ತರಗತಿಯಲ್ಲಿದ್ದ ನನ್ನ ಮಗಳ ಆಪ್ತ ಗೆಳತಿ ಆರು ದಿನಗಳ ಜ್ವರದಲ್ಲಿ ತೀರಿಕೊಂಡಳು. ಮಕ್ಕಳನ್ನು ಅಂತ್ಯಕ್ರಿಯೆಗೆ ಕರೆದೊಯ್ಯುವುದು ಬೇಡವೆಂದು ಪೋಷಕರೆಲ್ಲ ಸೇರಿ ತೀರ್ಮಾನಿಸಿದೆವು. ಶಾಲೆಯಲ್ಲಿ ಎರಡು ನಿಮಿಷ ಮೌನ ಆಚರಿಸಿ, ಮರುದಿನವೇ ತರಗತಿಯ ಆಸನಗಳನ್ನು ಬದಲಾಯಿಸಿದರು. ಮಗಳು ನಮ್ಮೆದುರು ಅಳಲಿಲ್ಲ. ಮಗು ಧೈರ್ಯವಾಗಿದೆ ಎಂದು ನಾವು ಸಮಾಧಾನಪಟ್ಟುಕೊಂಡೆವು.

ತಿಂಗಳು ಕಳೆಯುವಷ್ಟರಲ್ಲಿ ಅವಳ ದಿಂಬಿನ ಕೆಳಗೆ ದಪ್ಪನೆಯದೊಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ದೆವ್ವಗಳ ಪತ್ತೇದಾರಿ ಕತೆ. ವಿಚಾರಿಸಿದಾಗ ಇದೇ ಬಗೆಯ ನಾಲ್ಕಾರು ಪುಸ್ತಕಗಳನ್ನು ಆಗಲೇ ಓದಿ ಮುಗಿಸಿದ್ದಾಳೆಂದು ತಿಳಿಯಿತು. ಪುಸ್ತಕವನ್ನು ತೆಗೆದು ಬೀರುವಿನ ಮೇಲಿಟ್ಟೆ.

ನನ್ನ ಈ ವರ್ತನೆಗೆ ನನ್ನದೇ ಕಾರಣಗಳಿದ್ದವು. ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗಲೇ, 1976ರಲ್ಲಿ, ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದ ಎಚ್. ನರಸಿಂಹಯ್ಯನವರ ಮಾತುಗಳನ್ನು ಕೇಳುತ್ತ ಬೆಳೆದವರ ಪೈಕಿ ನಾನೂ ಒಬ್ಬ. ಬೆಂಗಳೂರಿನ ಬಾಗಿಲುಗಳ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದ ದಿನಗಳನ್ನು ಕಂಡಿದ್ದೇನೆ. ಭಯವನ್ನೇ ಬಂಡವಾಳ ಮಾಡಿಕೊಂಡ ಟಿ.ವಿ. ಕಾರ್ಯಕ್ರಮಗಳನ್ನು ನೋಡಿ ರೋಸಿದ್ದೇನೆ. ಸಾವಿನ ನೆರಳು ಹಾಯ್ದಿರುವ ಮನೆಯಲ್ಲಿ ಮಗಳೂ ದೆವ್ವದ ಕತೆ ಹಿಡಿದು ಕೂತರೆ ಯಾವ ತಂದೆಗೆ ತಾನೇ ಗಾಬರಿಯಾಗದು? ಇದನ್ನೆಲ್ಲ ಅವಳಿಗೆ ವಿವರಿಸಿದೆ. ಅವಳು ಕೇಳಿದ್ದು ಒಂದೇ ಮಾತು: ‘ನೀವು ಓದಿದ್ದೀರಾ ಅಪ್ಪ, ಅದನ್ನ?’

ಓದಿರಲಿಲ್ಲ. ಓದದ ಪುಸ್ತಕವನ್ನು ಖಂಡಿಸುವವರನ್ನು ಜೀವಮಾನವಿಡೀ ಟೀಕಿಸಿದವನಿಗೆ ಬೇರೆ ದಾರಿಯೂ ಇರಲಿಲ್ಲ. ಅಂದು ರಾತ್ರಿ ಬೀರುವಿನ ಮೇಲಿಂದ ಪುಸ್ತಕವನ್ನು ಇಳಿಸಿಕೊಂಡೆ.

ಅದು ಇಂಗ್ಲೆಂಡಿನ ಜೊನಾಥನ್ ಸ್ಟ್ರೌಡ್ ಬರೆದ ‘ಲಾಕ್‌ವುಡ್ ಅಂಡ್ ಕಂಪನಿ’ ಮಾಲೆಯ ಮೊದಲ ಕಾದಂಬರಿ. 2013ರಿಂದ 2017ರವರೆಗೆ ಇದರ ಐದು ಪುಸ್ತಕಗಳು ಬಂದಿವೆ; 2023ರಲ್ಲಿ ಒಂದೇ ಒಂದು ಕಂತುಮಾಲೆಯಾಗಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದು ನಿಂತುಹೋಯಿತು. ಇಲ್ಲಿನ ಬ್ರಿಟನ್ನಿನಲ್ಲಿ ಐವತ್ತು ವರ್ಷಗಳಿಂದ ಸತ್ತವರು ರಾತ್ರಿ ಹೊತ್ತು ಮರಳಿ ಬರುತ್ತಿದ್ದಾರೆ. ಅವರನ್ನು ಕಾಣುವ, ಕೇಳುವ ಶಕ್ತಿ ಇರುವುದು ಮಕ್ಕಳಿಗೆ ಮಾತ್ರ. ಬೆಳೆದಂತೆ ಅದು ಕುಂದುತ್ತದೆ. ಹಾಗಾಗಿ ದೊಡ್ಡವರು ಸಂಜೆಯಾಗುತ್ತಲೇ ಬಾಗಿಲು ಹಾಕಿಕೊಂಡು ಒಳಗಿರುತ್ತಾರೆ. ಕಬ್ಬಿಣದ ಪುಡಿ, ಉಪ್ಪು, ಕತ್ತಿ ಹಿಡಿದು ಹೊರಗೆ ಹೋಗುವವರು ಹದಿಹರೆಯದ ಹುಡುಗ ಹುಡುಗಿಯರು. ಮೊದಲ ಐವತ್ತು ಪುಟಗಳಲ್ಲಿಯೇ ನನಗೆ ಮುಜುಗರವಾಗತೊಡಗಿತು. ಸಾವನ್ನು ಮಕ್ಕಳ ಪಾಲಿಗೆ ಬಿಟ್ಟು ತಾವು ಬಾಗಿಲು ಹಾಕಿಕೊಂಡ ದೊಡ್ಡವರು ನನಗೆ ಅಪರಿಚಿತರೇನಾಗಿರಲಿಲ್ಲ.

ಕತೆ ಹೇಳುವ ಲೂಸಿ ಎಂಬ ಹುಡುಗಿ ಲಂಡನ್ನಿಗೆ ಬರುವ ಮುನ್ನವೇ ತನ್ನ ಜೊತೆಗಾರರನ್ನು ಒಂದು ಹಳೆಯ ಗಿರಣಿಯಲ್ಲಿ ಕಳೆದುಕೊಂಡಿದ್ದಾಳೆ. ಒಳಗೇನೋ ಕೇಡಿದೆ ಎಂದು ಅವಳಿಗೆ ಅನ್ನಿಸಿತ್ತು. ಮೇಲ್ವಿಚಾರಕನ ಮಾತಿಗೆ ತಲೆಬಾಗಿ ಸುಮ್ಮನಾಗಿದ್ದಳು. ಆ ಅಪರಾಧಭಾವ ಅವಳನ್ನು ಬಿಟ್ಟಿಲ್ಲ. ಅವಳು ಸೇರುವ ಪುಟ್ಟ ಸಂಸ್ಥೆಯ ಒಡೆಯ ಲಾಕ್‌ವುಡ್ ಎಂಬ ಹುಡುಗ. ಹೆತ್ತವರಿಲ್ಲದ ಅವನ ಮನೆಯಲ್ಲಿ ಒಂದು ಕೋಣೆಯ ಬಾಗಿಲು ಸದಾ ಮುಚ್ಚಿರುತ್ತದೆ. ಅದರ ಬಗ್ಗೆ ಕೇಳಕೂಡದೆಂಬುದು ಅವನ ಕಟ್ಟಳೆ. ಎರಡನೆಯ ಪುಸ್ತಕದ ಕೊನೆಗೆ ಅವನು ತಾನಾಗಿಯೇ ಆ ಬಾಗಿಲನ್ನು ಗೆಳೆಯರಿಗಾಗಿ ತೆರೆಯುತ್ತಾನೆ. ಅದು ಸತ್ತುಹೋದ ಅವನ ಅಕ್ಕನ ಕೋಣೆ. ದೆವ್ವಗಳನ್ನು ಎದುರಿಸುವಾಗ ನಡುಗದ ಹುಡುಗನಿಗೆ ಈ ಬಾಗಿಲನ್ನು ತೆರೆಯಲು ಎರಡು ಪುಸ್ತಕಗಳಷ್ಟು ಕಾಲ ಬೇಕಾಗುತ್ತದೆ. ಆ ಹಂತವನ್ನು ನಾನು ಮೂರು ಬಾರಿ ಓದಿದೆ. ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ.

ಈ ಕತೆಗಳಲ್ಲಿ ಪ್ರತಿಯೊಂದು ದೆವ್ವವೂ ಒಂದು ವಸ್ತುವಿಗೆ ಅಂಟಿಕೊಂಡಿರುತ್ತದೆ. ಒಂದು ಆಭರಣ, ಒಂದು ಮೂಳೆ, ಹೀಗೆ ಏನಾದರೂ. ಅದನ್ನು ಹುಡುಕಿ ತೆಗೆಯುವುದೇ ಪತ್ತೇದಾರಿಕೆ. ನನ್ನ ಮಗಳ ಚೀಲದಲ್ಲಿ ಅಂಥದೊಂದು ವಸ್ತುವಿತ್ತೆಂದು ನನಗೆ ಗೊತ್ತಾದದ್ದು ನಾವಿಬ್ಬರೂ ಪುಸ್ತಕದ ಬಗ್ಗೆ ಮಾತನಾಡಲು ಆರಂಭಿಸಿದ ಮೇಲೆ. ಅದು ಗೆಳತಿಯಿಂದ ಎರವಲು ತಂದಿದ್ದ ಕಂಪಾಸ್ ಬಾಕ್ಸ್. ‘ಲೂಸಿ ತಪ್ಪೇನೂ ಇರಲಿಲ್ಲ ಅಲ್ವಾ ಅಪ್ಪ?’ ಎಂದು ಒಂದು ದಿನ ಕೇಳಿದಳು. ಇರಲಿಲ್ಲವೆಂದೆ. ಬಹಳ ಹೊತ್ತು ಬಿಟ್ಟು ಉಳಿದದ್ದನ್ನು ಹೇಳಿದಳು. ಆಸ್ಪತ್ರೆಗೆ ಸೇರಿದ ದಿನ ಗೆಳತಿ ಮೊಬೈಲಿಗೆ ಸಂದೇಶ ಕಳಿಸಿದ್ದಳು; ಮರುದಿನ ಗಣಿತದ ಪರೀಕ್ಷೆ ಇದ್ದುದರಿಂದ ಇವಳು ಉತ್ತರಿಸಿರಲಿಲ್ಲ. ನಂತರ ಉತ್ತರಿಸುವ ಅವಕಾಶ ಬರಲಿಲ್ಲ. ಮೂರು ತಿಂಗಳು ಅವಳು ಇದನ್ನು ಒಬ್ಬಳೇ ಹೊತ್ತಿದ್ದಳು, ನಮ್ಮದೇ ಮನೆಯಲ್ಲಿ, ನಮ್ಮದೇ ಊಟದ ಮೇಜಿನಲ್ಲಿ.

ಅಲ್ಲಿಂದ ಮುಂದೆ ಅವಳ ಪಟ್ಟಿಯಲ್ಲಿದ್ದ ಉಳಿದ ಪುಸ್ತಕಗಳನ್ನೂ ಓದಿದೆ. ಅಮೆರಿಕದ ಮೇರಿ ಡೌನಿಂಗ್ ಹಾನ್ 1986ರಲ್ಲಿ ಬರೆದ ‘ವೇಟ್ ಟಿಲ್ ಹೆಲೆನ್ ಕಮ್ಸ್’ನಲ್ಲಿ ಬೆಂಕಿಗೆ ತಾಯಿಯನ್ನು ಕಳೆದುಕೊಂಡ ಏಳು ವರ್ಷದ ಮಗುವೊಂದಿದೆ. ಆ ಬೆಂಕಿಗೆ ತಾನೇ ಕಾರಣವೆಂಬ ಗುಟ್ಟನ್ನು ಅದು ಯಾರಿಗೂ ಹೇಳಿಲ್ಲ. ಹಾಗಾಗಿಯೇ ಅಂಥದೇ ಗುಟ್ಟು ಹೊತ್ತು ಸತ್ತ ಇನ್ನೊಂದು ಮಗುವಿನ ದೆವ್ವ ಅದನ್ನು ಕೊಳದತ್ತ ಸೆಳೆಯುತ್ತದೆ. ಅದುವರೆಗೆ ಈ ಮಗುವನ್ನು ಕಂಡರಾಗದಿದ್ದ ಮಲಅಕ್ಕನೇ ಅದರ ಬಾಯಿಂದ ಗುಟ್ಟನ್ನು ಕೇಳಿಸಿಕೊಂಡಾಗ ದೆವ್ವದ ಹಿಡಿತ ಸಡಿಲುತ್ತದೆ.

ಇನ್ನೊಂದು ‘ವೆನ್ ಮಾರ್ನಿ ವಾಸ್ ದೇರ್’. ಜೋನ್ ಜಿ. ರಾಬಿನ್ಸನ್ 1967ರಲ್ಲಿ ಬರೆದದ್ದು. ಜಪಾನಿನ ಸ್ಟುಡಿಯೋ ಘಿಬ್ಲಿ 2014ರಲ್ಲಿ ಅದನ್ನು ಹೊಕ್ಕೈಡೊ ದ್ವೀಪಕ್ಕೆ ಒಯ್ದು ಚಲನಚಿತ್ರ ಮಾಡಿತು. ಇಂಗ್ಲೆಂಡಿನ ನಾರ್ಫೋಕ್ ಕರಾವಳಿಯ ಉಬ್ಬರವಿಳಿತದ ಜೌಗುಭೂಮಿಯ ಅಂಚಿಗೆ ಅನ್ನಾ ಎಂಬ ಅನಾಥ ಹುಡುಗಿ ಬರುತ್ತಾಳೆ. ತನ್ನನ್ನು ಬಿಟ್ಟು ಸತ್ತುಹೋದ ತಾಯಿ ಮತ್ತು ಅಜ್ಜಿಯ ಮೇಲೆ ಅವಳಿಗೆ ವಿಪರೀತ ಸಿಟ್ಟಿದೆ. ನೀರಂಚಿನ ಹಳೆಯ ಮನೆಯಲ್ಲಿ ಅವಳಿಗೆ ಮಾರ್ನಿ ಎಂಬ ಗೆಳತಿ ಸಿಗುತ್ತಾಳೆ. ಆ ಗೆಳತಿಯೂ ಒಂದು ರಾತ್ರಿ ಅವಳನ್ನು ಕೈಬಿಟ್ಟು ಹೋಗುತ್ತಾಳೆ, ಆಮೇಲೆ ಕಿಟಕಿಯಿಂದ ಕ್ಷಮೆ ಬೇಡುತ್ತಾಳೆ. ಅನ್ನಾ ಕ್ಷಮಿಸುತ್ತಾಳೆ. ತಾನು ನಿಜವಾಗಿ ಕ್ಷಮಿಸಿದ್ದು ಯಾರನ್ನೆಂದು ಅವಳಿಗೆ ತಿಳಿಯುವುದು ಪುಸ್ತಕದ ಕೊನೆಯಲ್ಲಿ. ಅದನ್ನು ಇಲ್ಲಿ ಹೇಳಿ ಓದುವವರ ಸುಖವನ್ನು ಕೆಡಿಸಲಾರೆ.

ಸತ್ತವರ ಮೇಲೆ ಸಿಟ್ಟು, ಬದುಕಿ ಉಳಿದದ್ದಕ್ಕೆ ಅಪರಾಧಭಾವ. ದುಃಖದಲ್ಲಿರುವ ಮಗು ನಮ್ಮೆದುರು ಹೇಳಲು ಸಾಧ್ಯವಿಲ್ಲದ ಎರಡು ಸಂಗತಿಗಳಿವು. ಹೇಳಿದರೆ ‘ಹಾಗೆಲ್ಲ ಅನ್ನಬಾರದು’ ಎಂದು ಬಾಯಿ ಮುಚ್ಚಿಸುತ್ತೇವೆ. ಪತ್ತೇದಾರಿ ಕತೆಯ ಚೌಕಟ್ಟು ಮಗುವಿಗೆ ಕೇಳುವ ಹಕ್ಕನ್ನು ಕೊಡುತ್ತದೆ. ಸತ್ತವರು ಯಾರು, ಏನಾಯಿತು, ಅವರಿಗೆ ಏನು ಬೇಕಾಗಿತ್ತು ಎಂದು ಕೇಳದೆ ಅಲ್ಲಿ ಕತೆ ಮುಂದೆ ಸಾಗುವುದೇ ಇಲ್ಲ. ಕೇಳಲು ಜೊತೆಗೊಬ್ಬ ಗೆಳೆಯನೋ ಗೆಳತಿಯೋ ಇರುತ್ತಾರೆ. ಟಿ.ವಿ.ಯ ದೆವ್ವಕ್ಕೂ ಈ ದೆವ್ವಕ್ಕೂ ಇರುವ ಅಂತರವಿದು: ಒಂದರಿಂದ ಓಡಬೇಕು, ಇನ್ನೊಂದರ ಹೆಸರು ಕೇಳಬೇಕು.

ಮನಶ್ಶಾಸ್ತ್ರವೂ ಇಂಥದೇ ದಾರಿಯನ್ನು ಸವೆಸಿದೆ. ಗತಿಸಿದವರಿಂದ ಮನಸ್ಸನ್ನು ಮೆಲ್ಲನೆ ಬಿಡಿಸಿಕೊಳ್ಳುವುದೇ ಶೋಕದ ಕೆಲಸವೆಂದು ಫ್ರಾಯ್ಡ್ 1917ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಾದಿಸಿದ್ದ. ಡೆನ್ನಿಸ್ ಕ್ಲಾಸ್, ಫಿಲಿಸ್ ಸಿಲ್ವರ್‌ಮನ್ ಮತ್ತು ಸ್ಟೀವನ್ ನಿಕ್‌ಮನ್ 1996ರಲ್ಲಿ ಸಂಪಾದಿಸಿದ ಗ್ರಂಥ ಈ ನಿಲುವನ್ನು ಪ್ರಶ್ನಿಸಿತು. ಸತ್ತವರೊಂದಿಗಿನ ನಂಟನ್ನು ಬೇರೆ ರೂಪದಲ್ಲಿ ಉಳಿಸಿಕೊಳ್ಳುವುದು ರೋಗವಲ್ಲ, ಅದು ಸಹಜ ಎಂಬುದು ಅದರ ಸಾರ. ವರ್ಷವರ್ಷವೂ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ನಮಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಆದರೆ ನಮ್ಮ ಎಡೆ ಹಿರಿಯರಿಗೆ. ಹದಿನಾಲ್ಕು ವರ್ಷದ ಗೆಳತಿಗೆ ಹದಿನಾಲ್ಕು ವರ್ಷದ ಗೆಳತಿ ಏನು ಇಡಬೇಕೆಂದು ನಾವು ಹೇಳಿಕೊಟ್ಟಿಲ್ಲ.

ಹಾಗೆಂದು ಪುಸ್ತಕ ಸರ್ವರೋಗಕ್ಕೂ ಮದ್ದು ಎಂದು ನಾನು ಹೇಳಲಾರೆ. ಈ ಪ್ರಕಾರದಲ್ಲಿ ಬರೀ ರಕ್ತ ಚೆಲ್ಲುವ ಜೊಳ್ಳು ಪುಸ್ತಕಗಳೂ ಸಾಕಷ್ಟಿವೆ. ಊಟ, ನಿದ್ದೆ ಬಿಟ್ಟ, ಮಾತು ನಿಲ್ಲಿಸಿದ ಮಗುವಿಗೆ ಕಾದಂಬರಿ ಕೊಟ್ಟು ಕೈತೊಳೆದುಕೊಳ್ಳುವುದು ತಪ್ಪು. ಅಂಥ ಮಗುವನ್ನು ವೈದ್ಯರಿಗೋ ಆಪ್ತಸಮಾಲೋಚಕರಿಗೋ ತೋರಿಸಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆ ಪ್ರತಿ ಶಾಲೆಯ ಗೋಡೆಯ ಮೇಲೂ ಇರುವುದು ಒಳ್ಳೆಯದು. ಇನ್ನು ನನ್ನ ವೈಚಾರಿಕತೆಯ ವಿಷಯ. ದೆವ್ವವಿಲ್ಲವೆಂಬ ನನ್ನ ನಂಬಿಕೆ ಇಂದಿಗೂ ಅಚಲ. ಮಗಳದೂ ಅಷ್ಟೇ. ‘ಇಲ್ಲ ಅಂತ ನನಗೂ ಗೊತ್ತು ಅಪ್ಪ, ಇದ್ದಿದ್ದರೆ ಅವಳು ಒಂದು ಸಲವಾದರೂ ಬರುತ್ತಿದ್ದಳು’ ಎಂದಳು. ಅದಕ್ಕೆ ಕೊಡಬಹುದಾದ ಉತ್ತರ ನಾನು ಕಲಿತ ಯಾವ ವಿಜ್ಞಾನದಲ್ಲಿಯೂ ಇರಲಿಲ್ಲ.

ದೀಪಾವಳಿ ಕಳೆದ ಮೇಲೊಂದು ಭಾನುವಾರ ಇಬ್ಬರೂ ಕಂಪಾಸ್ ಬಾಕ್ಸ್ ಹಿಡಿದು ಆ ಗೆಳತಿಯ ಮನೆಗೆ ಹೋದೆವು. ಉತ್ತರಿಸದ ಸಂದೇಶದ ಸಂಗತಿಯನ್ನು ಮಗಳು ತಾನೇ ಹೇಳಿದಳು. ಆ ತಾಯಿ ಅವಳ ಕೈಹಿಡಿದು ಕೂತರು. ತಮ್ಮ ಮಗಳ ಹೆಸರನ್ನು ಬೇರೆಯವರ ಬಾಯಲ್ಲಿ ಕೇಳಿ ಎಷ್ಟೋ ದಿನವಾಗಿತ್ತು, ಬಂದವರೆಲ್ಲ ಹವಾಮಾನ ಮಾತಾಡಿ ಹೋಗುತ್ತಾರೆ ಎಂದರು. ಬಾಕ್ಸನ್ನು ತೆರೆದು ನೋಡಿ, ‘ನೀನೇ ಇಟ್ಟುಕೋ ಪುಟ್ಟಾ’ ಎಂದು ಮರಳಿಸಿದರು.

ಮನೆಗೆ ಬಂದ ಮೇಲೆ, ಮುಚ್ಚಿದ ಕೋಣೆಯ ಪ್ರಸಂಗವನ್ನು ಮೂರು ಬಾರಿ ಓದಿದ್ದೇಕೆಂದು ಮಗಳಿಗೆ ಹೇಳಿದೆ. ನಾನು ಎಂಟು ವರ್ಷದವನಿದ್ದಾಗ ಹನ್ನೊಂದು ವರ್ಷದ ನನ್ನ ಅಕ್ಕ ವಿಷಮಶೀತಜ್ವರದಿಂದ ತೀರಿಕೊಂಡಳು. ಅವಳ ಸ್ಲೇಟು, ಲಂಗ, ಬಳೆಗಳೆಲ್ಲ ಅಟ್ಟದ ಮೇಲಿನ ಟ್ರಂಕು ಸೇರಿದವು. ಅಮ್ಮ ಅಳುತ್ತಾಳೆಂದು ನಮ್ಮ ಮನೆಯಲ್ಲಿ ಮತ್ತೆಂದೂ ಅವಳ ಹೆಸರೆತ್ತಲಿಲ್ಲ. ಟ್ರಂಕನ್ನು ತೆರೆಯದೆಯೇ ಅಮ್ಮ ಹೋದಳು. ನಾನೂ ಅದನ್ನು ತೆರೆದಿಲ್ಲ.

ಪುಸ್ತಕಗಳಿಂದ ಪತ್ತೇದಾರಿಕೆ ಕಲಿತಿದ್ದ ಮಗಳು ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ ಕೇಳಿದಳು: ‘ಅತ್ತೆ ಹೆಸರೇನಪ್ಪ?’ ಹನ್ನೊಂದಕ್ಕೇ ಹೊರಟುಹೋದ ಆ ಹುಡುಗಿಯನ್ನು ಅತ್ತೆ ಎಂದು ಅದುವರೆಗೆ ಯಾರೂ ಕರೆದಿರಲಿಲ್ಲ. ಹೇಳಿದೆ. ಮುಂದಿನ ರಜೆಗೆ ಊರಿಗೆ ಹೋಗಿ ಅಟ್ಟ ಹತ್ತುವುದೆಂದು ಇಬ್ಬರೂ ಗೊತ್ತುಮಾಡಿಕೊಂಡೆವು.